ದಲಾಲಿ ಪಾಲಾಕ್ಷಪ್ಪ ಮೆಮೊರಿ ಕಾರ್ಡು ಆರಿಸಿದ್ದು

"ಮೆಮೊರಿ ಕಾರ್ಡು ಆರ್ಸೋ ಕೆಲಸ ನನಗ ಬಿಡು, ಗಂಗಾ! ಬುದ್ಧಿ ಬಂದಾಗಿಂದ ಮಾಲು ಆರ್ಸೋದಾ ನನ್ನ ಕಸುಬು. ಲಾರಿಗಟ್ಲೆ ಮೆಕ್ಕೆಜೋಳದಾಗ ಮೋಸ ಹೋಗದಾಂವ ಉಗುರಿನಷ್ಟು ಕಾರ್ಡಿನಾಗ ಮೋಸ ಹೋಗ್ತೀನೇನು?"

ಹರಪನಹಳ್ಳಿಯ ಮೆಕ್ಕೆಜೋಳದ ದಲಾಲಿ ಪಾಲಾಕ್ಷಪ್ಪ ಹೀಗೆ ಪ್ರತಿಜ್ಞೆ ಮಾಡಿದ್ದು ಒಗ್ಗರಣೆ ಮಂಡಕ್ಕಿಯ ತಟ್ಟೆಯ ಮುಂದೆ. ಕೈಯಲ್ಲಿದ್ದ ಮಿರ್ಚಿಯನ್ನು ಖಡ್ಗದಂತೆ ಎತ್ತಿ ಹಿಡಿದಿದ್ದ ಅವನನ್ನು ನೋಡಿದರೆ ಹಳೆಯ ಪಾಳೇಗಾರನೇ ದಂಡೆತ್ತಿ ಹೊರಟಂತಿತ್ತು. ಪಾಳೇಗಾರರ ಮೀಸೆಗೆ ಮಂಡಕ್ಕಿ ಅಂಟುತ್ತಿತ್ತೋ ಇಲ್ಲವೋ ತಿಳಿಯದು. ಇವನ ಮೀಸೆಗೆ ಅಂಟಿತ್ತು.

ಪಾಲಾಕ್ಷಪ್ಪನ ಗರ್ವಕ್ಕೆ ಕಾರಣವಿತ್ತು. ಆ ಕಾರಣ ಅವನ ಬಾಯೊಳಗೇ ಇತ್ತು. ರೈತರು ತಂದ ಮೆಕ್ಕೆಜೋಳ ಎಷ್ಟು ಒಣಗಿದೆಯೆಂದು ತಿಳಿಯಲು ಮಾರುಕಟ್ಟೆಯಲ್ಲಿ ತೇವ ಅಳೆಯುವ ಮಿಷನ್ ಇದೆ. ಪಾಲಾಕ್ಷಪ್ಪನಿಗೆ ಅದು ಬೇಡ. ಒಂದು ಕಾಳು ಬಾಯಿಗೆಸೆದು, ಕಟ್ಟೆಂದು ಕಡಿದು, "ಹದಿನಾಲ್ಕು" ಎಂದನೆಂದರೆ ಮಿಷನ್ನೂ ಹದಿನಾಲ್ಕೇ ಎನ್ನಬೇಕು. ಎನ್ನದಿದ್ದರೆ ಜನ ಮಿಷನ್ನನ್ನು ರಿಪೇರಿಗೆ ಕಳಿಸುತ್ತಿದ್ದರು!

ಆದರೆ ಅವನ ಹೆಂಡತಿ ಗಂಗಾಂಬಿಕಾಗೆ ಬೇಕಾಗಿದ್ದುದು ಕಾಳಲ್ಲ, ಕಾರ್ಡು. ಅದೂ ತನಗಲ್ಲ, ಅತ್ತೆಗೆ.

ಅತ್ತೆ ಅನ್ನದಾನಮ್ಮನವರಿಗೆ ಕಿವಿ ಪೂರಾ ಹೋಗಿತ್ತು. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ, "ಒಳಗ ಜೇನು ಸಾಕಿದಂಗ ಆಗ್ತೈತವ್ವ" ಎಂದು ತೆಗೆದು ಗೂಡಿನಲ್ಲಿಟ್ಟಿದ್ದರು. ಮನೆಯ ಮಾತು ಕೇಳದಿದ್ದುದಕ್ಕೆ ಅವರಿಗೇನೂ ದುಃಖವಿರಲಿಲ್ಲ. ದುಃಖವಿದ್ದುದು ಒಂದಕ್ಕೇ. ಶ್ರಾವಣ ಬಂದರೆ ಮಠದಲ್ಲಿ ತಿಂಗಳಿಡೀ ಪ್ರವಚನ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದು ಶ್ರಾವಣವನ್ನೂ ತಪ್ಪಿಸದ ಅನ್ನದಾನಮ್ಮ ಹೋದ ವರ್ಷವೂ ಮುಂದಿನ ಸಾಲಿನಲ್ಲಿ ಕೂತು ಬಂದಿದ್ದರು. ಬಂದವರು ಕಣ್ಣೊರೆಸಿಕೊಂಡು, "ಬರೇ ಸ್ವಾಮ್ಯಾರ ತುಟಿ ನೋಡಿ ಬಂದ್ನೆವ್ವ ಗಂಗಾ. ಎಲ್ಲಾರೂ ನಕ್ಕ ಮ್ಯಾಲೆ ನಾನೂ ನಗತೀನಿ. ದೇವರ ಮುಂದ ಕೂತು ಸುಳ್ಳು ನಗಿ ನಗಬಾರ್ದು. ಇನ್ನ ಹೋಗಂಗಿಲ್ಲ" ಎಂದಿದ್ದರು.

ಈ ಶ್ರಾವಣದಲ್ಲಿ ಹೋಗಿರಲೂ ಇಲ್ಲ. ಸಂಜೆ ಮಠದ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂರುತ್ತಿದ್ದರು, ಅಷ್ಟೆ. ಪ್ರವಚನ ಮುಗಿಯುತ್ತ ಬಂದಿತ್ತು. ಕೊನೆಯ ಸೋಮವಾರದ ಮಂಗಲವೊಂದಕ್ಕಾದರೂ ಅತ್ತೆಯನ್ನು ಕರೆದೊಯ್ಯಬೇಕು, ಅವರು ನಿಜವಾದ ನಗೆ ನಗಬೇಕು ಎಂಬುದು ಗಂಗಾಂಬಿಕಾಳ ಆಸೆ.

ಗಂಗಾಂಬಿಕಾ ಆಸೆಪಟ್ಟು ಸುಮ್ಮನೆ ಕೂರುವ ಹೆಂಗಸಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವ ತಮ್ಮ ಗಂಗಾಧರನಿಗೆ ಫೋನ್ ಹಚ್ಚಿದಳು. ಅವನು ಒಂದು ಸಾಫ್ಟ್‌ವೇರ್ ಕಟ್ಟಿಕೊಟ್ಟ. ಎದುರಿಗೆ ಯಾರಾದರೂ ಮಾತಾಡಿದರೆ ಸಾಕು, ಪರದೆಯ ಮೇಲೆ ಕಡಲೆಕಾಳಿನಷ್ಟು ದಪ್ಪ ಅಕ್ಷರದಲ್ಲಿ ಕನ್ನಡ ಮೂಡುತ್ತದೆ! ಮಗಳು ಚಂದನಾ ಶಾಲೆಯ ದಿನಗಳಲ್ಲಿ ಬಳಸಿ ಬಿಟ್ಟ ಟ್ಯಾಬು ಅಟ್ಟದ ಮೇಲಿತ್ತು. ಅದರ ಸ್ವಂತ ಮೆಮೊರಿ ಕೆಟ್ಟಿತ್ತು. ಆದ್ದರಿಂದ ಈ ಸಾಫ್ಟ್‌ವೇರ್ ಪೂರ್ತಿ ಮೆಮೊರಿ ಕಾರ್ಡಿನಲ್ಲೇ ಕೂತು, ಕಾರ್ಡಿನಿಂದಲೇ ಓಡಬೇಕಿತ್ತು. ತಮ್ಮ ಫೋನಿನಲ್ಲಿ ಹೇಳುತ್ತ ಹೋದ, ಅಕ್ಕ ರೊಟ್ಟಿ ತಟ್ಟುತ್ತ ಕೇಳುತ್ತ ಹೋದಳು. ಹಿಟ್ಟಿನ ಕೈಯಲ್ಲೇ ಟ್ಯಾಬಿನ ಹಳೆಯದನ್ನೆಲ್ಲ ಒರೆಸಿ ಹಾಕಿ ಹೊಸದಕ್ಕೆ ಅಣಿ ಮಾಡಿಟ್ಟಳು. ಪಾಲಾಕ್ಷಪ್ಪ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಹೊಸದಾಗಿ ನೋಡಿದವನಂತೆ ನೋಡಿದ. ತಾನೂ ಏನಾದರೂ ಮಾಡಿ ತೋರಿಸಬೇಕೆಂಬ ಹುರುಪು ಅಲ್ಲೇ ಹುಟ್ಟಿದ್ದು.

"ಇನ್ನ ಬರೇ ಕಾರ್ಡು ಬೇಕ್ರಿ" ಎಂದಳು ಗಂಗಾಂಬಿಕಾ. "ಕ್ಲಾಸ್ ಟೆನ್ ಅಂತ ಇರ್ಬೇಕು. ಎ ಟೂ ಅಂತಾನೂ ಇದ್ರ ಇನ್ನೂ ಚೊಲೊ. ಫೋಟೋ ಇಡಾಕ ಯಾವ ಕಾರ್ಡಾದ್ರೂ ನಡಿತೈತಿ. ಸಾಫ್ಟ್‌ವೇರ್ ಓಡ್ಸಾಕ ಹಂಗಲ್ರಿ. ನಾನಾ ಹೋಗಿ ಬರ್ಲೇನು?"

ಆಗಲೇ ಪಾಲಾಕ್ಷಪ್ಪನ ಮಿರ್ಚಿ ಮೇಲೆದ್ದದ್ದು, ಪ್ರತಿಜ್ಞೆ ಹೊರಬಿದ್ದದ್ದು.

ಬಸ್‌ಸ್ಟ್ಯಾಂಡಿನ ಎದುರಿಗೆ ರಾಮಾಂಜಿನಿಯ ಮೊಬೈಲ್ ಅಂಗಡಿ. ಪಾಲಾಕ್ಷಪ್ಪ ಒಳಗೆ ಕಾಲಿಟ್ಟದ್ದೇ ಗೋದಾಮಿಗೆ ನುಗ್ಗುವ ಗತ್ತಿನಲ್ಲಿ. ಟ್ಯಾಬಿಗೊಂದು ಮೆಮೊರಿ ಕಾರ್ಡು ಬೇಕೆಂದ.

"ಬರ್ರಿ ಸಾವ್ಕಾರ್ರ. ಸಾಫ್ಟ್‌ವೇರ್ ಓಡ್ಸಾಕೇನ್ರಿ? ಹಂಗಾದ್ರ ಇದು ತಗೋರಿ. ಕ್ಲಾಸ್ ಟೆನ್, ಎ ಟೂ" ಎಂದ ರಾಮಾಂಜಿನಿ.

ಪಾಲಾಕ್ಷಪ್ಪನ ಹುಬ್ಬು ಗಂಟಾಯಿತು. ಹೆಂಡತಿ ಹೇಳಿದ್ದೂ ಇದನ್ನೇ ಎಂಬುದು ನೆನಪಿತ್ತು. ಆದರೆ ಅವಳಿಗೆ ಮಾಲಿನ ದರ್ಜೆಯ ವಿಷಯ ಏನು ಗೊತ್ತು, ಪಾಪ! ಒಂದನೇ ನಂಬರಿನ ಮಾಲೆಂದರೆ ಬಂಗಾರ. ಎರಡನೇ ನಂಬರೆಂದರೆ ಮುಗ್ಗಲು ಹತ್ತಿದ್ದು. ಮೂರನೆಯದೆಂದರೆ ಹುಳ ಹಿಡಿದದ್ದು. ಇನ್ನು ಹತ್ತನೇ ನಂಬರೆಂದರೆ ಹುಳವೂ ಮೂಸಿ ನೋಡಿ ಮುಂದೆ ಹೋದದ್ದೇ ಇರಬೇಕು!

"ರಾಮಾಂಜಿನಿ, ನನಗ ಹತ್ತನೇ ನಂಬರ್ ಮಾಲು ತೋರಿಸ್ತಿಯೇನಲೇ? ನಮ್ಮವ್ವ ಪ್ರವಚನ ಕೇಳಾಕ ಬೇಕಿದು. ಕಮ್ಮಿ ನಂಬರಿಂದು ತೆಗಿ."

"ಅಲ್ರಿ, ಕಾರ್ಡಿನಾಗ ನಂಬರ್ ದೊಡ್ಡದಿದ್ದಷ್ಟೂ ಓಟ ಜಾಸ್ತಿ..."

"ದಲಾಲಿಗೆ ಮಾಲಿನ ದರ್ಜೆ ಕಲಿಸಬ್ಯಾಡ. ತೆಗಿ ಅಂದ್ನಿ."

ರಾಮಾಂಜಿನಿ ತಲೆ ಕೆರೆದುಕೊಂಡ. "ಕ್ಲಾಸ್ ಫೋರ್ ಒಂದು ಉಳದೈತ್ರಿ. ಬ್ಯಾಡ್ರಿ ಸಾವ್ಕಾರ್ರ, ಅದು ಹಳೇದು, ಭಾಳ ನಿಧಾನ. ಯಾರೂ ಒಯ್ಯಂಗಿಲ್ಲ. ಒಗೀಬೇಕಂತ ಮೂಲ್ಯಾಗ ಇಟ್ಟೀನಿ."

ಪಾಲಾಕ್ಷಪ್ಪನ ಕಿವಿ ನಿಮಿರಿತು. ಮಾರುವವನೇ ತನ್ನ ಮಾಲನ್ನು ಬಯ್ದರೆ ಏನರ್ಥ? ಒಳ್ಳೆಯ ಮಾಲನ್ನು ಬೇರೆ ಯಾರಿಗೋ ಬಚ್ಚಿಟ್ಟಿದ್ದಾನೆಂದರ್ಥ! ಈ ಆಟ ಪಾಲಾಕ್ಷಪ್ಪ ತಾನೇ ಎಷ್ಟು ಸಲ ಆಡಿಲ್ಲ?

"ಯಾರಿಗೆ ಇಟ್ಟೀ ಅದನ್ನ? ಖರೇ ಹೇಳು!"

"ಶಿವನಾಣೆ ಯಾರಿಗೂ ಇಲ್ರಿ."

"ಹಂಗಾದ್ರ ನನಗಾ ಕೊಡು."

"ಆಮ್ಯಾಲೆ ವಾಪಸ್ ತಗಳಂಗಿಲ್ಲ ನೋಡ್ರಿ."

"ವಾಪಸ್ ಕೊಡೋರು ಯಾರು? ನೀ ಬಂದು ಕಾಲಿಗೆ ಬಿದ್ರೂ ಕೊಡಂಗಿಲ್ಲ!"

ರಾಮಾಂಜಿನಿ ಧೂಳು ಊದಿ ಕಾರ್ಡು ಕೊಟ್ಟ. ಪಾಲಾಕ್ಷಪ್ಪ ರಾಜ್ಯ ಗೆದ್ದವನಂತೆ ಮನೆಗೆ ಬಂದ.

ಗಂಗಾಂಬಿಕಾ ಕಾರ್ಡನ್ನು ಬೆಳಕಿಗೆ ಹಿಡಿದಳು. ಗಂಡನನ್ನು ನೋಡಿದಳು. ಮತ್ತೆ ಕಾರ್ಡು ನೋಡಿದಳು. "ಇದು ನಾಲ್ಕಲ್ರೀ?"

"ಹೌದು ಮತ್ತ! ಹತ್ತು ತಲಿಗೆ ಕಟ್ಟಾಕ ಬಂದಿದ್ದ. ಬಿಡ್ತೀನೇನು?"

ಅವಳು ಒಂದು ಉಸಿರು ಬಿಟ್ಟಳು. "ಶಿವಾ, ನೀನಾ ನಡಸಪ್ಪ" ಎಂದು ಸಾಫ್ಟ್‌ವೇರನ್ನು ಕಾರ್ಡಿಗೆ ತುಂಬತೊಡಗಿದಳು. ಅಕ್ಕಿ ನೆನೆಯಿತು, ಹಿಟ್ಟು ರುಬ್ಬಿದ್ದಾಯಿತು, ಹಿಟ್ಟು ಹುಳಿ ಬಂತು, ಮರುದಿನ ಪಡ್ಡು ಹಂಚಿಗೆ ಬಿತ್ತು. ಆಗ ಟ್ಯಾಬು ಕಣ್ಣು ಬಿಟ್ಟಿತು!

ಪಾಲಾಕ್ಷಪ್ಪ ಟ್ಯಾಬಿನ ಮುಂದೆ ಬಗ್ಗಿ, "ಅವ್ವಾ, ಆರಾಮ ಅದೀಯೇನು?" ಎಂದ. ಪರದೆ ಖಾಲಿ. ಸ್ನಾನ ಮಾಡಿ ಬಂದ. ಖಾಲಿ. ವಿಭೂತಿ ಧರಿಸಿ, ಪೂಜೆ ಮುಗಿಸಿ, ಪಡ್ಡು ತಿಂದು ಕೈ ತೊಳೆದ. ಆಗ ಒಂದೊಂದೇ ಅಕ್ಷರ ಕುಂಟುತ್ತ ಬಂದು ನಿಂತಿತು: ಅವ್ವಾ ಆರಾಮ ಅದೀಯೇನು.

ಅನ್ನದಾನಮ್ಮ ಓದಿದರು. ಅವರ ಮುಖ ದೀಪ ಹಚ್ಚಿದಂತೆ ಬೆಳಗಿತು. ಅಕ್ಷರಗಳನ್ನು ಬೆರಳಿನಿಂದ ಸವರಿ, "ಆರಾಮದೀನಪ್ಪ!" ಎಂದರು. ಆ ಹೊತ್ತಿಗೆ ಪಾಲಾಕ್ಷಪ್ಪ ಚಪ್ಪಲಿ ಮೆಟ್ಟಿ ಓಣಿಯ ತಿರುವು ದಾಟಿದ್ದ.

ಅವನು ಹೋದ ಮೇಲೆ ಪಕ್ಕದ ಮನೆಯ ಪುಷ್ಪಲತಾ ಬಂದು, ಟ್ಯಾಬಿನ ಮುಂದೆ ನಿಂತು, "ಅಜ್ಜಿ, ಒಂಚೂರು ಹೆಪ್ಪು ಕೊಡ್ರಿ" ಎಂದಳು. ಉತ್ತರ ಬರಲಿಲ್ಲ. ನಕ್ಕು, ಒಳಗೆ ಗಂಗಾಂಬಿಕಾಳಿಂದ ಹೆಪ್ಪು ಇಸಿದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಗ್ಯಾಸ್ ಸಿಲಿಂಡರಿನವನು ಬಂದು ಬಾಗಿಲಲ್ಲಿ ನಿಂತ. ಅದೇ ಸಮಯಕ್ಕೆ ಪರದೆಯ ಮೇಲೆ ಹೆಪ್ಪು ಮೂಡಿತು! ಅನ್ನದಾನಮ್ಮ ಸಿಲಿಂಡರಿನವನನ್ನು ಅಂತಃಕರಣದಿಂದ ನೋಡಿ, "ಪಾಪ, ಮನ್ಯಾಗ ಹೆಂಗಸರು ಇಲ್ಲೇನಪ್ಪ?" ಎಂದು ಒಂದು ಬಟ್ಟಲು ಮೊಸರು ತಂದು ಕೈಗಿಟ್ಟರು. ಹೆಗಲ ಮೇಲೆ ಖಾಲಿ ಸಿಲಿಂಡರು, ಅಂಗೈಯಲ್ಲಿ ಮೊಸರು. ಅವನು ಮೆಟ್ಟಿಲಿಳಿದ ಆ ಸಮತೋಲ ಸರ್ಕಸ್ಸಿನವರಿಗೂ ಬಾರದು!

ರಾತ್ರಿ ಊಟದ ಹೊತ್ತಿಗೆ ಗಂಗಾಧರನ ಫೋನು ಬಂತು. ಗಂಗಾಂಬಿಕಾ ಸ್ಪೀಕರ್ ಹಚ್ಚಿ ನಡೆದದ್ದೆಲ್ಲ ಹೇಳಿದಳು. "ಅಕ್ಕಾ, ಕ್ಲಾಸ್ ಫೋರ್ ಹಾಕೀರೇನು? ಅದರಾಗ ಪ್ರವಚನ ಹಚ್ಚಿದ್ರ ಈ ಶ್ರಾವಣದ್ದು ಬರೋ ಶ್ರಾವಣಕ್ಕ ಓದ್ತಾರ ನಿಮ್ಮತ್ತಿ! ನಂಬರ್ ಏರಿದಂಗ ಓಟ ಏರ್ತೈತಿ ಅಂತ ಮಾವಗ ಹೇಳಿಲ್ಲೇನು?"

"ಇದ್ಯಾವ ಊರಿನ ನ್ಯಾಯ!" ಎಂದು ಪಾಲಾಕ್ಷಪ್ಪ ತಟ್ಟೆ ಸರಿಸಿದ. "ಎರಡನೇ ನಂಬರ್ ಒಂದನೇದಕ್ಕಿಂತ ಮ್ಯಾಲಂದ್ರ ಮಾರ್ಕೆಟ್ ಹೆಂಗ ನಡಿಬೇಕು?"

"ಬರೋ ಸೋಮವಾರನಾ ಮಂಗಲ ಐತ್ರಿ" ಎಂದಳು ಗಂಗಾಂಬಿಕಾ ಮೆಲ್ಲಗೆ. "ನಾಳೆ ನಾನಾ ಹೋಗಿ..."

"ನೀ ಯಾಕ ಹೋಗ್ತಿ? ಕೆಡಿಸಿದಾಂವ ನಾನು, ಸರಿ ಮಾಡಾವನೂ ನಾನಾ! ನಾಳಿ ಕಾರ್ಡಿಲ್ದ ಮನಿಗೆ ಬಂದ್ರ ನನ್ನ ಹೆಸರು ಪಾಲಾಕ್ಷಪ್ಪ ಅಲ್ಲ!"

ಮರುದಿನ ಶನಿವಾರ. ರಾಮಾಂಜಿನಿ ಈ ಸಲ ಮರುಮಾತಾಡದೆ ಕ್ಲಾಸ್ ಟೆನ್, ಎ ಟೂ ಕಾರ್ಡಿನ ಪ್ಯಾಕೆಟ್ಟು ಮುಂದಿಟ್ಟ. ಪಾಲಾಕ್ಷಪ್ಪ ಪ್ಯಾಕೆಟ್ಟನ್ನು ತಿರುಗಿಸಿ ನೋಡಿ, "ಒಡಿ ಇದನ್ನ" ಎಂದ.

"ಪ್ಯಾಕಿನಾಗ ಹಂಗಾ ಒಯ್ರಿ. ಸಣ್ಣ ಸಾಮಾನು, ಕಳದುಹೋಗ್ತೈತಿ."

"ಚೀಲ ಬಿಚ್ಚಿ ನೋಡದಾ ಮಾಲು ಎತ್ತೋ ದಲಾಲಿ ಎಲ್ಲಿಯಾದ್ರೂ ಅದಾನೇನಲೇ?"

ಪ್ಯಾಕೆಟ್ಟು ಒಡೆಯಿತು. ಕರಿಯ ಕಾರ್ಡು ಪಾಲಾಕ್ಷಪ್ಪನ ಎಡ ಅಂಗೈ ಮೇಲೆ ಬಂದು ಕೂತಿತು. ಅಂಗೈ ಮುಚ್ಚಿಕೊಂಡೇ ಅವನು ಮಾರುಕಟ್ಟೆಗೆ ನಡೆದ. ಮನೆಗೆ ಹೋಗಬಹುದಿತ್ತು. ಆದರೆ ಇಂಥ ವಸ್ತುವನ್ನು ನಾಲ್ಕು ಜನಕ್ಕೆ ತೋರಿಸದೆ ಮನೆಗೆ ಹೋಗುವುದು ಹೇಗೆ?

ಪಕ್ಕದ ಅಂಗಡಿಯ ದಲಾಲಿ ನಾಗೇಂದ್ರಪ್ಪ ಸಿಕ್ಕ. ಪಾಲಾಕ್ಷಪ್ಪ ಅಂಗೈ ಬಿಚ್ಚಿದ. "ನೋಡು ನಾಗೇಂದ್ರಪ್ಪ, ಇಷ್ಟಾ ಐತಿ. ತಿಂಗಳ ಪ್ರವಚನ ಪೂರಾ ಇದರ ಹೊಟ್ಟಿಯಾಗ ಹಿಡಿತೈತಿ. ನನ್ನ ಹೆಂಡ್ತಿ ಏನು ತಲಿ ಅಂತಿ! ಒಲಿ ಮುಂದ ಕೂತು ಕಂಪ್ಯೂಟರಿನವರ ಕೆಲಸ ಮಾಡ್ಯಾಳ..."

ಸರಿಯಾಗಿ ಆ ಹೊತ್ತಿಗೆ ರೈತ ಗಾದೆಪ್ಪ ಬಂದ. ಒಳ್ಳೆಯ ರೇಟು ಬರಲೆಂದು ಮನೆಯಲ್ಲಿಟ್ಟುಕೊಂಡಿದ್ದ ಮೆಕ್ಕೆಜೋಳವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದ. ಕಂಬಳಿ ಹೆಗಲಿಗೇರಿಸಿ, ಒಂದು ಹಿಡಿ ಕಾಳು ಹಿಡಿದು, ದಲಾಲಿ ಎಲ್ಲಿ ಎಂದು ನೋಡಿದ. ದಲಾಲಿಯ ಅಂಗೈ ಬಿಚ್ಚಿದ್ದೇ ಇತ್ತು. ಆ ಪ್ರಾಂಗಣದಲ್ಲಿ ದಲಾಲಿಯ ಬಿಚ್ಚಿದ ಅಂಗೈಗೆ ಒಂದೇ ಅರ್ಥ. ಗಾದೆಪ್ಪ ಹಿಡಿ ಕಾಳನ್ನು ಅದರೊಳಗೆ ಸುರಿದ!

ಪಾಲಾಕ್ಷಪ್ಪನ ಕಣ್ಣು ನಾಗೇಂದ್ರಪ್ಪನ ಮೇಲೆ, ಬಾಯಿ ಹೆಂಡತಿಯ ಗುಣಗಾನದ ಮೇಲೆ. ಆದರೆ ಬಲಗೈ ಹುಟ್ಟಾ ದಲಾಲಿಯದು. ಅದು ಯಾರನ್ನೂ ಕೇಳದೆ ಎಡ ಅಂಗೈಯಿಂದ ಒಂದನ್ನು ಎತ್ತಿ ಬಾಯಿಗೆಸೆಯಿತು. ಹಲ್ಲೂ ಯಾರನ್ನೂ ಕೇಳಲಿಲ್ಲ.

ಕಟ್ಟ್!

"ಹನ್ನೊಂದು!" ಎಂದು ಪಾಲಾಕ್ಷಪ್ಪ ಇಡೀ ಪ್ರಾಂಗಣಕ್ಕೆ ಕೇಳುವಂತೆ ಸಾರಿದ. "ಆಹಾ! ಇಂಥ ಒಣ ಮಾಲು ಈ ವರ್ಷ ಕಂಡಿಲ್ಲ. ಗಾದೆಪ್ಪ, ನಿನಗ ಮ್ಯಾಲಿನ ರೇಟು!"

ಗಾದೆಪ್ಪ ಕಣ್ಣು ಕಣ್ಣು ಬಿಟ್ಟ. "ಹೌದೇನ್ರಿ? ನಿನ್ನಿ ಮಳ್ಯಾಗ ತೊಯ್ದೈತಂತ ನಾನಾ ಹೆದರಿಕ್ಯಂಡು ಬಂದಿದ್ದೆ!"

ನಾಗೇಂದ್ರಪ್ಪ ಮಾತ್ರ ಅಂಗೈಯನ್ನೇ ನೋಡುತ್ತಿದ್ದ. "ಪಾಲಾಕ್ಷಪ್ಪ, ಕಾರ್ಡು ಎಲ್ಲಿ?"

ಮೂವರೂ ಬಗ್ಗಿ ನೋಡಿದರು. ಅಂಗೈ ತುಂಬ ಹಳದಿ ಕಾಳು. ಕರಿದು ಎಂಬುದು ಒಂದೂ ಇಲ್ಲ. ಪಾಲಾಕ್ಷಪ್ಪನ ದವಡೆ ನಿಂತಿತು. ನಾಲಿಗೆಯ ಮೇಲಿದ್ದುದು ಜೋಳದ ರುಚಿಯಲ್ಲ. ಮೆಲ್ಲಗೆ ಉಗುಳಿದ. ಎಂಥ ಹದವಾದ ಕಡಿತ! ಕಾರ್ಡು ಸರಿಯಾಗಿ ನಡುವೆ ಎರಡಾಗಿತ್ತು.

ಹಮಾಲರು ಚೀಲ ಕೆಳಗಿಟ್ಟು ನಕ್ಕರು. ನಾಗೇಂದ್ರಪ್ಪ ಕಂಬ ಹಿಡಿದು ನಕ್ಕ. ಗಾದೆಪ್ಪ ಮಾತ್ರ ನಗಲಿಲ್ಲ. ಕಂಬಳಿ ಸರಿಮಾಡಿಕೊಂಡು, "ಸಾವ್ಕಾರ್ರ, ಹನ್ನೊಂದು ಅಂತ ಎಲ್ಲಾರ ಮುಂದ ಅಂದೀರಿ. ನಿಮ್ಮ ಹಲ್ಲಿನ ಮಾತು ನಮಗ ದೇವರ ಮಾತು. ತೂಕಕ್ಕ ಹಾಕಿಸ್ರಿ ಮತ್ತ!" ಎಂದ. ಪಾಲಾಕ್ಷಪ್ಪ ಮಾತು ತಪ್ಪುವವನಲ್ಲ. ತೊಯ್ದ ಜೋಳ ಒಣ ಜೋಳದ ರೇಟಿಗೆ ಗೋದಾಮು ಸೇರಿತು.

ಮನೆಯಲ್ಲಿ ಗಂಗಾಂಬಿಕಾ ಕಾಯುತ್ತಿದ್ದಳು. "ಕಾರ್ಡು ತಂದ್ರೇನ್ರಿ?"

"ತಂದೆ."

"ಸರಿಯಾದ್ದು ಹೌದಲ್ಲ?"

"ಸರಿಯಾದ್ದಾ. ಟೆಸ್ಟೂ ಮಾಡೀನಿ."

"ಹೌದಾ? ಯಾವುದ್ರಾಗ ಮಾಡಿದ್ರಿ?"

ಪಾಲಾಕ್ಷಪ್ಪ ಬಾಯಿ ತೆರೆದು ಹಲ್ಲು ತೋರಿಸಿದ. ಆಮೇಲೆ ಕರವಸ್ತ್ರ ಬಿಚ್ಚಿ ಎರಡು ತುಂಡು ತೋರಿಸಿದ.

ಗಂಗಾಂಬಿಕಾ ಬಯ್ಯಲಿಲ್ಲ. ಬಯ್ಯಬೇಕೆಂದು ಬಾಯಿ ತೆರೆದವಳು ಸೆರಗು ಬಾಯಿಗೊತ್ತಿ, ಗೋಡೆಗೊರಗಿ, ಅಲ್ಲೇ ಕುಸಿದು ಕೂತು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ಕಾರ್ಡು ತಂದಿದ್ದಳು! ತಂದ ಕೂಡಲೇ ಸಾಫ್ಟ್‌ವೇರ್ ಹಾಕಲಿಲ್ಲ. ಮೊದಲು ಏನೇನೋ ತುಂಬಿ, ತುಂಬಿದ್ದೆಲ್ಲ ಹಾಗೇ ಇದೆಯೇ ಎಂದು ತೆರೆದು ನೋಡಿ, ಮಾಲು ಅಸಲಿ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಸಾಫ್ಟ್‌ವೇರ್ ಹಚ್ಚಿಟ್ಟು ಸಂಜೆಯ ಲಿಂಗಪೂಜೆಗೆ ಕೂತಳು. ಅವಳು ಕಣ್ಣು ತೆರೆಯುವ ಹೊತ್ತಿಗೆ ಟ್ಯಾಬೂ ಕಣ್ಣು ತೆರೆದಿತ್ತು. "ಶಿವಾ" ಎಂದಳು. ಅವಳು ತುಟಿ ಮುಚ್ಚುವ ಮೊದಲೇ ಪರದೆಯ ಮೇಲೆ ಶಿವಾ!

ಪಾಲಾಕ್ಷಪ್ಪ ದಂಗಾದ. "ಇದೆಲ್ಲ ಯಾವಾಗ ಕಲ್ತಿ ನೀನು?"

"ಕಲಿಯೋದೇನ್ರಿ? ಗೊತ್ತಿದ್ದೋರು ಹೇಳ್ತಿದ್ರು. ಅವರು ಹೇಳಿ ಮುಗ್ಸೋತನ ಕೇಳಿದೆ, ಅಷ್ಟಾ."

ಸೋಮವಾರದ ಮಂಗಲಕ್ಕೆ ಮಠ ಕಿಕ್ಕಿರಿದಿತ್ತು. ಮಾತು ಟ್ಯಾಬಿಗೆ ಸ್ಪಷ್ಟ ಕೇಳಬೇಕೆಂದು ಗಂಗಾಂಬಿಕಾ ಅತ್ತೆಯನ್ನು ದೊಡ್ಡ ಧ್ವನಿವರ್ಧಕದ ಡಬ್ಬಿಯ ಬುಡದಲ್ಲೇ ಕೂರಿಸಿದಳು. ಕಿವಿಯಿದ್ದವರು ಯಾರೂ ಕೂರಲಾರದ ಜಾಗವದು. ಅನ್ನದಾನಮ್ಮ ಮಾತ್ರ ಸಿಂಹಾಸನವೇರಿದಂತೆ ನೆಮ್ಮದಿಯಾಗಿ ಕೂತರು. ಗಂಗಾಂಬಿಕಾ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಪಕ್ಕದಲ್ಲಿ ಕೂತಳು. ಆ ಹೊತ್ತು ಪ್ರವಚನ ಕೇಳಿಸದೆ ಇದ್ದವಳು ಅವಳೊಬ್ಬಳೇ!

ಸ್ವಾಮಿಗಳು ಮಾತು ಆರಂಭಿಸಿದರು. ಅಕ್ಷರಗಳು ಸಾಲುಗಟ್ಟಿ ಹರಿದವು. ಅಲ್ಲೊಂದು ಇಲ್ಲೊಂದು ಶಬ್ದ ತಪ್ಪಿದರೆ ಅನ್ನದಾನಮ್ಮನವರೇ ಮನಸ್ಸಿನಲ್ಲಿ ತಿದ್ದಿಕೊಂಡರು. ಹರಕೆಯ ತೆಂಗಿನಕಾಯಿಗೆ ಕೈ ಬಾರದ ಜಿಪುಣನೊಬ್ಬ ಕೊನೆಗೆ ದೇವರ ಪಲ್ಲಕ್ಕಿಯನ್ನು ತೋಟದ ಪಕ್ಕಕ್ಕೆ ಕರೆಸಿ, "ಅಗೋ, ಆ ಮರದಾಗಿನವು ಎಲ್ಲಾ ನಿನ್ನವಾ" ಎಂದು ಕೈಮುಗಿದು ಕಳಿಸಿದ ಕಥೆ ಬಂತು. ಮಠವೆಲ್ಲ ಗೊಳ್ಳೆಂದಿತು. ಅನ್ನದಾನಮ್ಮನೂ ಗೊಳ್ಳೆಂದರು. ಯಾರ ಮುಖವನ್ನೂ ನೋಡಿಕೊಂಡು ನಕ್ಕದ್ದಲ್ಲ. ಎಲ್ಲರ ಜೊತೆಗೆ, ಹೊಟ್ಟೆ ಹಿಡಿದುಕೊಂಡು.

ಗಂಡಸರ ಸಾಲಿನಲ್ಲಿದ್ದ ಪಾಲಾಕ್ಷಪ್ಪ ಕಥೆ ಕೇಳಲೇ ಇಲ್ಲ. ತಾಯಿಯನ್ನು ನೋಡುತ್ತಿದ್ದ. ಹತ್ತಿ ತುರುಕಿಕೊಂಡು ಕೂತ ಹೆಂಡತಿಯನ್ನು ನೋಡುತ್ತಿದ್ದ. ಲೋಬಾನದ ಹೊಗೆ ಕಣ್ಣಿಗೆ ಹೋಯಿತೆಂದು ಪಕ್ಕದವನಿಗೆ ಹೇಳಿ ಕಣ್ಣೊರೆಸಿಕೊಂಡ. ಅಂದು ಲೋಬಾನ ಇನ್ನೂ ಹಾಕಿರಲಿಲ್ಲ.

ಮಂಗಳಾರತಿ ಮುಗಿದು ಹೊರಗೆ ಬಂದಾಗ ಅನ್ನದಾನಮ್ಮನ ಸುತ್ತ ಜಾತ್ರೆ. "ಇದ್ಯಾವ ಮಾಯಾನ್ರಿ ಅಜ್ಜಿ?" "ನಮ್ಮತ್ತಿಗೂ ಒಂದು ಮಾಡಿಕೊಡ್ರಿ!" ಜನ ಸೇರಿದ್ದು ಕಂಡ ಪಾಲಾಕ್ಷಪ್ಪನೊಳಗಿನ ದಲಾಲಿ ಎದ್ದು ಕೂತ. ಮುಂದೆ ಬಂದು ಎದೆಯುಬ್ಬಿಸಿ ಶುರು ಮಾಡಿದ.

"ಸಾಫ್ಟ್‌ವೇರ್ ನಮ್ಮ ಗಂಗಾಂದು, ಅದು ದೊಡ್ಡ ಮಾತು. ಆದ್ರ ಅಸಲು ಗುಟ್ಟು ಇರೋದು ಕಾರ್ಡಿನಾಗ! ಕಾರ್ಡು ಆರ್ಸೋದಂದ್ರ ಹುಡುಗಾಟ ಅಲ್ಲ. ಕ್ಲಾಸು ನೋಡ್ಬೇಕು, ಎ ಒನ್ನೋ ಎ ಟೂನೋ ನೋಡ್ಬೇಕು. ನಾನು ಮೊದಲ ಒಂದು ತರಾ ನೋಡಿದೆ, ಆಮ್ಯಾಲೆ ಇನ್ನೊಂದು ತರಾ ನೋಡಿದೆ, ಒಂದನ್ನ ಒಳಗ ಹಾಕ್ಕಂಡಾ ಪರೀಕ್ಷೆ ಮಾಡಿದೆ..."

ಟ್ಯಾಬು ಅನ್ನದಾನಮ್ಮನ ಕೈಯಲ್ಲಿ ಇನ್ನೂ ಚಾಲೂ ಇತ್ತು. ಒಂದಕ್ಷರವೂ ತಪ್ಪದೆ, ಒಂದು ಕ್ಷಣವೂ ತಡೆಯದೆ ಮಗನ ಮಾತು ಮೂಡುತ್ತ ಹೋಯಿತು. ಪರದೆ ತುಂಬಿತು. ಮೇಲಕ್ಕೆ ಸರಿದು ಮತ್ತೆ ತುಂಬಿತು. ಅನ್ನದಾನಮ್ಮ ಕನ್ನಡಕ ಏರಿಸಿಕೊಂಡು ಓದಿಯೇ ಓದಿದರು. ಪಾಲಾಕ್ಷಪ್ಪ ಉಸಿರು ತೆಗೆದುಕೊಳ್ಳಲು ನಿಂತಾಗ ತಲೆ ಎತ್ತಿದರು.

"ಪಾಲಾಕ್ಷಿ, ಕಿವಿ ಹೋದ ಮ್ಯಾಲೆ ನಿನ್ನ ಬಾಯಾಗಿಂದ ಮೊನ್ನಿನ ‘ಆರಾಮ ಅದೀಯೇನು’ ಬಿಟ್ರ ಒಂದು ಮಾತೂ ಬಂದದ್ದು ನಾ ಕಾಣ್ಲಿಲ್ಲಪ್ಪ. ವಯಸ್ಸಾದಂಗ ನನ್ನ ಮಗ ಅವರಪ್ಪನಂಗ ತೂಕದ ಮನಷ್ಯ ಆಗ್ಯಾನ, ಮೌನ ಹಿಡದಾನ ಅಂತ ಶಿವನಿಗೆ ದಿನಾ ಕೈಮುಗಿತಿದ್ದೆ. ಓಣ್ಯಾಗೆಲ್ಲಾ ಹೇಳ್ಕಂಡೂ ಬಂದೀನಿ."

ಪಾಲಾಕ್ಷಪ್ಪ ಏನೋ ಹೇಳಲು ಬಾಯಿ ತೆರೆದ. ಅನ್ನದಾನಮ್ಮ ಟ್ಯಾಬನ್ನು ಸೊಸೆಯ ಕೈಗಿತ್ತರು.

"ಗಂಗಾ, ಇದನ್ನ ಬಂದ್ ಮಾಡವ್ವ. ಸ್ವಾಮ್ಯಾರು ಮಾತಾಡುವಾಗಷ್ಟಾ ಹಚ್ಚು."